ಹೆಣ್ಣು ನೋಡಲು ಬಂದ ದೊಡ್ಡ ಮಿಸ್ಸು

ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಯಾರಾದರೂ ಮೈಕು ಹಿಡಿದು ಅವರನ್ನು ಹೊಗಳಲು ಶುರು ಮಾಡಿದರೆ, ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಾ, "ಬೇಗ ಮುಗ್ಸಪ್ಪ, ಮಕ್ಳು ಹಸ್ಕೊಂಡವೆ" ಎಂದು ಸಭೆಗೆಲ್ಲ ಕೇಳುವಂತೆ ಹೇಳಿಬಿಡುತ್ತಿದ್ದರು. ಅಂಥವರ ಹೆಸರು ಹಾಕಿ ನಾಲ್ಕು ಪುಟ ಬರೆದರೆ ಮೇಲಿನಿಂದಲೇ ನನಗೆ ಮಂಗಳಾರತಿ ಮಾಡುತ್ತಾರೆ. ಅವರು ಹೋಗಿ ಎರಡು ತಿಂಗಳಾಯಿತು. ಎಂಬತ್ತು ದಾಟಿತ್ತು, ಯಾರ ಕೈಯಲ್ಲೂ ಮಾಡಿಸಿಕೊಳ್ಳದೆ ಹೋದರು. ಮಾಗಡಿಯ ನಮ್ಮ ಶಾಲೆಯಲ್ಲಿ ಮಕ್ಕಳು, ಆಯಾಗಳು, ಬಸ್ ಕಂಡಕ್ಟರುಗಳು, ಎಲ್ಲರಿಗೂ ಅವರು ದೊಡ್ಡ ಮಿಸ್ಸು. ಆಳು ನೋಡಿದರೆ ಐದಡಿಯೂ ಇರಲಿಲ್ಲ ಅನ್ನಿ.

ಅದು ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳ ಶಾಲೆ. ಒಂದು ಟ್ರಸ್ಟಿನವರು ಹಳೇ ಹೆಂಚಿನ ಮನೆಯಲ್ಲಿ ನಡೆಸುತ್ತಿದ್ದರು. ಇಪ್ಪತ್ತಾರು ಮಕ್ಕಳು, ಮೂರು ಕೋಣೆ, ಇಬ್ಬರು ಆಯಾ. ಮಕ್ಕಳಿಗೆ ಬರವಿರಲಿಲ್ಲ, ಜಾಗಕ್ಕೂ ಹೇಗೋ ಹೊಂದಿಸಿಕೊಂಡಿದ್ದರು. ಬರವಿದ್ದದ್ದು ಟೀಚರಿಗೆ. ಈ ಕೆಲಸಕ್ಕೆ ಬೇರೆಯೇ ತರಬೇತಿ ಬೇಕು, ಆ ತರಬೇತಿ ಆದವರು ನಮ್ಮ ಕಡೆ ಬೆರಳೆಣಿಕೆಯಷ್ಟು. ಅದೇ ಹೊತ್ತಿಗೆ ಬಿಡದಿ, ನೆಲಮಂಗಲ, ಕನಕಪುರ ರಸ್ತೆ, ಎಲ್ಲಿ ನೋಡಿದರೂ ಫ್ಯಾಕ್ಟರಿಗಳು ಏಳುತ್ತಿದ್ದವು. ಬೆಳಿಗ್ಗೆ ಆರಕ್ಕೆ ಊರ ಸರ್ಕಲ್ಲಿಗೇ ಬಸ್ಸು ಬಂದು ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುತ್ತಿತ್ತು. ದೊಡ್ಡ ಮಿಸ್ಸು ಆ ಬಸ್ಸುಗಳನ್ನು ಕಂಡರೆ ಸವತಿಯನ್ನು ಕಂಡ ಹಾಗೆ ಮುಖ ತಿರುಗಿಸಿಕೊಳ್ಳುತ್ತಿದ್ದರು.

ನನಗಿಂತ ಮುಂಚೆ ಇಬ್ಬರನ್ನು ಕಾಯಿದೆ ಪ್ರಕಾರ ಅಂಚೆಯಲ್ಲಿ ಆದೇಶ ಕಳಿಸಿ ಕರೆಸಿಕೊಂಡಿದ್ದರಂತೆ. ಒಬ್ಬಳನ್ನು ಅವಳ ಅತ್ತೆ ಬಂದು ಎಳೆದುಕೊಂಡು ಹೋದಳು. ಇನ್ನೊಬ್ಬಳು ಫ್ಯಾಕ್ಟರಿ ಬಸ್ಸು ಹತ್ತಿದಳು. ಆಮೇಲಿಂದ ದೊಡ್ಡ ಮಿಸ್ಸು ಅಂಚೆಯನ್ನೇ ಕೈಬಿಟ್ಟರು. "ಹುಡುಗೀನ ಒಪ್ಸಿದ್ರೆ ಆಗಲ್ಲ, ಮನೇನ ಒಪ್ಸ್ಬೇಕು" ಎಂದು ಹೇಳಿ, ಹೂವು, ಬಾಳೆಹಣ್ಣು, ತೆಂಗಿನಕಾಯಿ, ವೀಳ್ಯದೆಲೆ ಇಟ್ಟ ತಟ್ಟೆ ಹಿಡಿದು, ಟೀಚರ್ ಆಗಬಲ್ಲ ಹುಡುಗಿಯ ಮನೆಗೇ ಹೋಗುವ ಪದ್ಧತಿ ಹಾಕಿಕೊಂಡರು. ಹಿರಿಯರ ಕೈಗೆ ತಾಂಬೂಲ ಕೊಟ್ಟು, ಅವರು ತಗೊಂಡರೆ ನೇಮಕಾತಿ ಆಯಿತು ಅಂತ ಅರ್ಥ. ಆದೇಶ, ಸಹಿ, ಸೀಲು ಎಲ್ಲ ಆಮೇಲೆ.

ಇದು ನಮ್ಮ ಮನೆಯವರಿಗೆ ಹೇಗೆ ಗೊತ್ತಾಗಬೇಕು? ಸೋಲೂರಿನ ಹತ್ತಿರದ ಹಳ್ಳಿ ನಮ್ಮದು. ನನಗೆ ಇಪ್ಪತ್ತೆರಡು ವರ್ಷ. ಸರ್ಕಾರಿ ಟೀಚರ್ ತರಬೇತಿಯ ಸೀಟು ಸಿಗದೆ, ಸಿಕ್ಕಿದ್ದನ್ನು ಓದೋಣ ಅಂತ ಇಂಥ ಮಕ್ಕಳಿಗೆ ಕಲಿಸುವ ಈ ಡಿಪ್ಲೊಮಾ ಮಾಡಿದ್ದೆ. ಮುಗಿಸಿ ಒಂದು ವರ್ಷ ಮನೆಯಲ್ಲಿ ಹಸುವಿನ ಸಗಣಿ ಬಾಚಿ, ಕೊನೆಗೆ ನೆಲಮಂಗಲದ ಕಡೆಯ ಗಾರ್ಮೆಂಟ್ಸಿಗೆ ಹೆಸರು ಕೊಟ್ಟಿದ್ದೆ. ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ, ಹಾಲು ಹಾಕಿ ಬಂದ ಅಪ್ಪ ಇನ್ನೂ ಕ್ಯಾನು ಕೆಳಗಿಟ್ಟಿಲ್ಲ, ರೇಷ್ಮೆ ಸೀರೆ ಉಟ್ಟ ಹೆಂಗಸೊಬ್ಬರು ತಾಂಬೂಲದ ತಟ್ಟೆ ಹಿಡಿದು ನಮ್ಮ ಬಾಗಿಲಿಗೆ ಬಂದು ನಿಂತರು. ಮದುವೆಗೆ ಬಂದ ಹುಡುಗಿ ಇರುವ ಮನೆಗೆ ಭಾನುವಾರ ತಟ್ಟೆ ಹಿಡಿದು ಯಾರು ಬರುತ್ತಾರೆ, ನೀವೇ ಹೇಳಿ.

ಅವ್ವ ಒಂದು ಮಾತೂ ಕೇಳದೆ ರವೆ ಹುರಿಯಲು ಕೂತಳು. ನನ್ನನ್ನು ಹಿಂದಿನ ಬಾಗಿಲಿನಿಂದ ಪಕ್ಕದ ಮನೆಗೆ ಅಟ್ಟಿ, ಅವರ ಸೊಸೆಯ ಸೀರೆ ಉಡಿಸಿ, ಮಲ್ಲಿಗೆ ಮುಡಿಸಿ ಕರೆತಂದರು. ದೊಡ್ಡ ಮಿಸ್ಸು ಚಾಪೆಯ ಮೇಲೆ ಕೂತು ಕೇಸರಿಬಾತನ್ನು ಎರಡು ಸಲ ಹಾಕಿಸಿಕೊಂಡು ತಿಂದರು. ಕೊಟ್ಟಿದ್ದನ್ನು ತಿಂದರೆ ಅರ್ಧ ಕೆಲಸ ಆದ ಹಾಗೆ ಎನ್ನುವುದು ಅವರ ಇನ್ನೊಂದು ಸಿದ್ಧಾಂತ. ನನ್ನ ಅಜ್ಜಿಗೆ ತಡೆಯಲಾಗಲಿಲ್ಲ.

"ಎಲ್ಲಾ ಸರಿ ಕಣವ್ವ, ಗಂಡೆಲ್ಲವ್ನೆ? ಕರ್ಕಂಡ್ ಬರ್ಲಿಲ್ವಾ?"

ದೊಡ್ಡ ಮಿಸ್ಸು ಕೈ ತೊಳೆದುಕೊಂಡು, ನಿಧಾನವಾಗಿ ಒರೆಸಿಕೊಂಡು ಹೇಳಿದರು: "ಗಂಡಿಲ್ಲ ಅಜ್ಜಿ. ಇಪ್ಪತ್ತಾರು ಮಕ್ಳವ್ರೆ."

ಅಪ್ಪನಿಗೆ ಕೆಮ್ಮು ಹತ್ತಿತು. ಅಡುಗೆಮನೆಯಲ್ಲಿ ಅವ್ವನ ಕೈಯಿಂದ ಸೌಟು ಬಿತ್ತು. ನಾನು ತಲೆ ಬಗ್ಗಿಸಿಕೊಂಡು ನಗು ತಡೆಯುತ್ತಿದ್ದೆ. ನಿಜ ಹೇಳುತ್ತೇನೆ, ಬಂದದ್ದು ಗಂಡಿನ ಕಡೆಯವರಲ್ಲ ಅಂತ ಗೊತ್ತಾದ ಕೂಡಲೇ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ದೊಡ್ಡ ಮಿಸ್ಸು ಶಾಲೆಯ ವಿಷಯ ಎಲ್ಲ ಬಿಡಿಸಿ ಹೇಳಿದರು. ಅಪ್ಪ ಗೊಣಗಿದ. ಅಜ್ಜಿ ಮಾತ್ರ ಕೇಳಿದ್ದು ಒಂದೇ: "ಹೊತ್ತು ಮುಳುಗಾಕ್ ಮುಂಚೆ ಮಗ ಮನೆ ಸೇರ್ತದಾ?"

"ನಾಲ್ಕೂವರೆ ಬಸ್ಸಿಗೆ ನಾನೇ ನಿಂತು ಹತ್ತುಸ್ತೀನಿ ಅಜ್ಜಿ."

ಅಪ್ಪ ಅಜ್ಜಿಯ ಮುಖ ನೋಡಿ, "ಕೇಸ್ರಿಬಾತ್ ತಿಂದಾಗ್ಬುಟ್ಟೈತೆ, ಇನ್ನೇನ್ ಮಾಡಾದು" ಎಂದು ತಟ್ಟೆಗೆ ಕೈ ಚಾಚಿದ. ಹಾಗೆ ನಾನು ಟೀಚರಾದೆ. ಹದಿನೈದು ವರ್ಷ ಅವರ ಕೈಕೆಳಗೆ ದುಡಿದೆ. ಒಂದು ದಿನವೂ ತಪ್ಪದೆ ಅವರು ನಾಲ್ಕೂವರೆ ಬಸ್ಸಿಗೆ ನನ್ನನ್ನು ಹತ್ತಿಸಿದರು ಎಂದರೆ ಸುಳ್ಳಾಗುತ್ತದೆ. ಮೊದಲ ಎರಡು ವರ್ಷ ಹತ್ತಿಸಿದರು, ಆಮೇಲೆ "ನಿನಗೆ ಕಣ್ಣಿಲ್ವ, ಹತ್ಕೊಂಡು ಹೋಗೆ" ಎಂದರು.

ಕೋಪ ಬಹಳ ಅವರಿಗೆ. ಕೈಗಡಿಯಾರವನ್ನು ಮಣಿಕಟ್ಟಿನ ಒಳಗಡೆಗೆ ಕಟ್ಟುತ್ತಿದ್ದರು. ಅದನ್ನು ತಿರುಗಿಸಿ ನೋಡಿದರೆಂದರೆ ಯಾರಿಗೋ ಕಾದಿದೆ ಅಂತ ಅರ್ಥ. ಹಾಡು ಬಾರದು, ಆದರೆ ದಿನಾ ಹಾಡುತ್ತಿದ್ದರು, ಮಕ್ಕಳು ಕಿವಿ ಮುಚ್ಚಿಕೊಂಡು ನಗುತ್ತಿದ್ದವು. "ನಗ್ತಾವಲ್ಲ, ಆಯ್ತು" ಎನ್ನುತ್ತಿದ್ದರು. "ಸೇವೆ ಮಾಡಬೇಕು ಅಂತ ಆಸೆ ಮೇಡಂ" ಎಂದು ಯಾರಾದರೂ ಕೆಲಸ ಕೇಳಿಕೊಂಡು ಬಂದರೆ ಕಾಫಿ ಕೊಟ್ಟು ಕಳಿಸಿಬಿಡುತ್ತಿದ್ದರು. ಯಾಕೆ ಮಿಸ್ ಎಂದು ಕೇಳಿದರೆ, "ಸೇವೆ ಅಂದೋರು ಮೂರು ತಿಂಗ್ಳು ಇರ್ತಾರೆ. ಬೇರೆ ಗತಿ ಇಲ್ದೆ ಬಂದೋಳೇ ನಿಲ್ಲೋದು, ನಿನ್ನ ಹಾಗೆ" ಎಂದು ನನ್ನ ಕಡೆಗೇ ತಿರುಗಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ನಿಂತೆನಲ್ಲ!

ನಾನು ಸೇರಿ ಎರಡು ತಿಂಗಳಾಗಿತ್ತು, ತಪಾಸಣೆಯ ಕಾಗದ ಬಂತು. ತರಬೇತಿ ಆದ ಮೂವರು ಟೀಚರು ಹಾಜರಿ ಪುಸ್ತಕದಲ್ಲೂ ಕಣ್ಣೆದುರಿಗೂ ಇರಬೇಕು, ಇಲ್ಲದಿದ್ದರೆ ಮಾನ್ಯತೆ ರದ್ದು, ಶಾಲೆ ಮುಚ್ಚಿ ಅಂತ. ನಮ್ಮಲ್ಲಿದ್ದವರು ಇಬ್ಬರು, ದೊಡ್ಡ ಮಿಸ್ಸು ಮತ್ತು ನಾನು. ಇನ್ನು ಮೂರು ವಾರ ಇತ್ತು. ಟ್ರಸ್ಟಿನ ಕಾರ್ಯದರ್ಶಿಗಳು ಬಂದು, ಅವರು ಒಳ್ಳೆಯವರೇ ಪಾಪ, ಸಮಾಧಾನ ಹೇಳಿದರು. "ತಲೆ ಕೆಡಿಸ್ಕೋಬೇಡಿ ಮೇಡಂ. ಎಲ್ಲಾ ಕಡೆ ಮಾಡೋದೇ. ಯಾರದಾದ್ರೂ ಸರ್ಟಿಫಿಕೇಟು ತಂದು ಒಂದಿನ ತೋರಿಸಿದ್ರಾಯ್ತು."

ದೊಡ್ಡ ಮಿಸ್ಸು ಗಡಿಯಾರ ತಿರುಗಿಸಿದರು. "ಮಾರನೇ ದಿನ ಆ ಸರ್ಟಿಫಿಕೇಟು ಬಂದು ಮಕ್ಳಿಗೆ ಊಟ ಮಾಡ್ಸುತ್ತೇನ್ರೀ?"

ತರಬೇತಿ ಕೊಡುವ ಕಾಲೇಜಿನಿಂದ ನಮ್ಮ ಕಡೆಯ ಮೂವರು ಹುಡುಗಿಯರ ವಿಳಾಸ ತರಿಸಿದೆವು. ಮೊದಲನೆಯವಳು ಚನ್ನಪಟ್ಟಣದಲ್ಲಿ. ತಟ್ಟೆ ಹಿಡಿದು ಹೋದರೆ ಅವಳು ಮದುವೆಯಾಗಿ ಬೇರೆ ಜಿಲ್ಲೆಗೆ ಹೋಗಿಯಾಗಿತ್ತು. ಎರಡನೆಯವಳು ರಾಮನಗರದವಳು, ಬಿಡದಿಯ ಫ್ಯಾಕ್ಟರಿ ಸೇರಿದ್ದಳು. ಹಗಲು ಮನೆಯಲ್ಲಿ ಸಿಗಳು. ದೊಡ್ಡ ಮಿಸ್ಸು ಏನು ಮಾಡಿದರು ಗೊತ್ತೆ? ರಾಮನಗರದ ನೆಂಟರ ಮನೆಯಲ್ಲಿ ಉಳಿದು, ಬೆಳಿಗ್ಗೆ ಆರಕ್ಕೆ ಫ್ಯಾಕ್ಟರಿ ಬಸ್ಸನ್ನೇ ಹತ್ತಿ ಅವಳ ಪಕ್ಕ ಕೂತರು. ದಾರಿಯುದ್ದಕ್ಕೂ ಮಾತು. ಆ ಹುಡುಗಿ ಒಪ್ಪಲಿಲ್ಲ, ಅವಳ ದುಡಿಮೆಯಿಂದಲೇ ತಮ್ಮಂದಿರು ಓದುತ್ತಿದ್ದರು. ಗೇಟಿನಲ್ಲಿ ಸೆಕ್ಯುರಿಟಿಯವನು ಇವರನ್ನು ಇಳಿಸಿಕೊಂಡು, "ಯಾವ ಸೆಕ್ಷನ್ನು ಅಜ್ಜಿ ನೀವು? ಕಾರ್ಡೆಲ್ಲಿ?" ಎಂದನಂತೆ. ಅವನಿಗೆ ಅಜ್ಜಿ ಅಂದದ್ದಕ್ಕೆ ಬೈದು, ತರಕಾರಿ ಗಾಡಿ ಹತ್ತಿ ವಾಪಸ್ ಬಂದರು. ಶಾಲೆಗೆ ಬಂದು ನನ್ನ ಹತ್ತಿರ ಹೇಳಿದ್ದು ಇಷ್ಟೇ: "ಆ ಬಸ್ಸಿನ ಸೀಟು ಮೆತ್ತಗಿದೆ ಕಣೆ. ನನಗೇ ಇಳಿಯಕ್ಕೆ ಮನಸ್ಸಿರಲಿಲ್ಲ."

ಉಳಿದದ್ದು ಒಂದೇ ವಿಳಾಸ, ಗುಡೇಮಾರನಹಳ್ಳಿಯದು. ತಪಾಸಣೆಗೆ ಮೂರು ದಿನ ಇತ್ತು. ಆ ಹುಡುಗಿ ತರಬೇತಿಯಲ್ಲಿ ನನಗಿಂತ ಒಂದು ವರ್ಷ ಮುಂದಿದ್ದವಳು. ಮದುವೆಯಾಗಿ ಆ ಊರಿಗೆ ಬಂದಿದ್ದಳು. ಹೋಗಿ ನೋಡಿದರೆ ಐದು ತಿಂಗಳ ಬಸುರಿ. ನನ್ನನ್ನು ಕಂಡು ಅವಳ ಕಣ್ಣರಳಿತು, ಆದರೆ ಮಾತಾಡಿದ್ದೆಲ್ಲ ಅವಳ ಅತ್ತೆ. ಗಟ್ಟಿ ಹೆಂಗಸು, ಹೊಲದಲ್ಲಿ ದುಡಿದ ಕೈ, ಕಣ್ಣಿನ ಸುತ್ತ ಮಾತ್ರ ಕಪ್ಪು.

"ಕಳ್ಸಾಕಾಗಾಕಿಲ್ಲ ಕಣ್ರವ್ವ. ಬಸ್ರಿ ಎಂಗ್ಸು ಅಂಥ ಮಕ್ಳ ಮೊಕ ನೋಡ್ಬಾರ್ದು. ನಾಳೀಕೆ ಎಚ್ಚುಕಮ್ಮಿ ಆದ್ರೆ ಯಾರ್ ಜವಾಬ್ದಾರಿ?"

ಈ ಮಾತು ಹೊಸದಲ್ಲ. ಇದಕ್ಕೆ ದೊಡ್ಡ ಮಿಸ್ಸಿನ ಹತ್ತಿರ ಸಿದ್ಧ ಉತ್ತರವಿತ್ತು. "ನಾನು ಎರಡು ಹೆತ್ತಿದ್ದೂ ಇಂಥ ಮಕ್ಕಳ ಮಧ್ಯದಲ್ಲೇ, ಎರಡೂ ನನಗೇ ಎದುರು ಮಾತಾಡ್ತವೆ" ಎಂದು ನಗಿಸಿಬಿಡುತ್ತಿದ್ದರು. ಆವತ್ತು ಹೇಳಲಿಲ್ಲ. ಅವರ ಕಣ್ಣು ನಡುಮನೆಯ ಗೋಡೆಯ ಮೇಲಿತ್ತು. ಗೋಡೆಯಲ್ಲಿ ಸೊಂಟದೆತ್ತರಕ್ಕೆ ಸಾಲಾಗಿ ಮೊಳೆ ಹೊಡೆದಿದ್ದರು. ಒಂದರಲ್ಲಿ ಟವೆಲು, ಒಂದರಲ್ಲಿ ಬಾಚಣಿಗೆ, ಒಂದರಲ್ಲಿ ತಟ್ಟೆಯ ಚೀಲ. ಪ್ರತಿಯೊಂದರ ಮೇಲೂ ಒಂದು ಚಿತ್ರ ಬರೆದು ಅಂಟಿಸಿತ್ತು. ಮುಖ ತೊಳೆಯುವ ಹುಡುಗಿ, ತಲೆ ಬಾಚುವ ಹುಡುಗಿ, ಉಣ್ಣುವ ಹುಡುಗಿ. ಒಂದಾದ ಮೇಲೆ ಒಂದು ಏನು ಮಾಡಬೇಕು ಎಂದು ನಮ್ಮ ಮಕ್ಕಳಿಗೆ ಕಲಿಸಲು ನಾವು ಶಾಲೆಯಲ್ಲಿ ಅಂಟಿಸುವುದೂ ಇಂಥದ್ದೇ.

"ಇದನ್ನ ಯಾರಿಗೆ ಬರೆದಿದ್ದೀಯಮ್ಮ?" ಎಂದು ದೊಡ್ಡ ಮಿಸ್ಸು ಸೊಸೆಯನ್ನು ಕೇಳಿದರು.

ಸೊಸೆ ತಲೆ ತಗ್ಗಿಸಿದಳು. ಅಷ್ಟರಲ್ಲಿ ಕೋಣೆಯ ಬಾಗಿಲು ತೆರೆದು ಹತ್ತು ವರ್ಷದ ಹುಡುಗಿಯೊಬ್ಬಳು ಬಂದಳು, ಆ ಅತ್ತೆಯ ಕೊನೆಯ ಮಗಳು. ತಲೆಯನ್ನು ತಾನೇ ಬಾಚಿಕೊಂಡಿದ್ದಳು. ಒಂದು ಕಡೆ ಜಡೆ, ಇನ್ನೊಂದು ಕಡೆ ಹಾಗೇ ಕೆದರಿತ್ತು. ಬಂದವಳು ಸೀದಾ ಅತ್ತಿಗೆಯ ಸೆರಗು ಹಿಡಿದು ತಲೆ ಮುಂದೆ ಮಾಡಿ ನಿಂತಳು, ಇನ್ನೊಂದನ್ನೂ ಹಾಕು ಎನ್ನುವ ಹಾಗೆ.

"ಆಹಾ, ಎಷ್ಟ್ ಚೆಂದ ಬಾಚ್ಕೊಂಡಿದ್ದೀಯೇ ರಾಣಿ!" ಎಂದರು ದೊಡ್ಡ ಮಿಸ್ಸು.

ಅತ್ತೆಯ ಗಟ್ಟಿತನ ಅಲ್ಲಿಗೆ ಮುಗಿಯಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಎರಡ್ ವರ್ಸದ್ ಹಿಂದೆ ಇದ್ನೂ ಕಲ್ತಿರ್ಲಿಲ್ಲ ಕಣ್ರವ್ವ. ಇವ್ಳು ಬಂದ್ಮ್ಯಾಕೆ ಕಲ್ತದ್ದು. ಈ ಓದು ಓದಿರೋ ಹೆಣ್ಣು ಬೇಕು ಅಂತ ಎಷ್ಟ್ ಊರು ಸುತ್ದೆ! ಇವ್ಳು ಸಿಕ್ದಾಗ ಒಂದು ಕಾಸೂ ಬ್ಯಾಡ, ಹುಡ್ಗೀನ ಕೊಡಿ ಸಾಕು ಅಂದೆ. ನಾನ್ ಹೋದ್ಮ್ಯಾಕೆ ಈ ಕೂಸ್ನ ನೋಡ್ಕಳಾಕೆ ಒಬ್ರು ಬೇಕಲ್ಲ. ಈಗ ಇವ್ಳನ್ನ ನೀವು ಕರ್ಕಂಡ್ ಹೋದ್ರೆ ನಂಗ್ಯಾರು?"

ಬಸುರಿ, ಮುಖ ನೋಡಬಾರದು, ಅದೆಲ್ಲ ಬರೀ ನೆಪ. ದಿನಾ ಬೆಳಗಾದರೆ ಆ ಸೊಸೆ ಜಡೆ ಹಾಕುತ್ತಿದ್ದದ್ದೇ ಅಂಥ ಮಗುವಿಗೆ. ದೊಡ್ಡ ಮಿಸ್ಸು ನಕ್ಕುಬಿಟ್ಟರು.

"ಅಲ್ಲ ಕಣಮ್ಮ, ತಟ್ಟೆ ಹಿಡ್ಕೊಂಡು ನಾನು ಊರೂರು ಅಲೀತಿದ್ದೀನಿ, ನೀವು ಎರಡು ವರ್ಷದ ಹಿಂದೇನೇ ಹೆಣ್ಣು ನೋಡಿ, ತಾಂಬೂಲ ಕೊಟ್ಟು, ಮನೆ ತುಂಬಿಸ್ಕೊಂಡುಬಿಟ್ಟಿದ್ದೀರಲ್ಲ! ನನಗಿಂತ ಜೋರು ನೀವು."

ಅತ್ತೆ ಅಳುವಿನಲ್ಲೇ ನಕ್ಕಳು. "ಇಬ್ರನ್ನೂ ಕಳ್ಸಿ. ಅತ್ತಿಗೆ ಕಣ್ಣೆದುರಿಗೇ ಇರ್ತಾಳೆ, ಇವಳೂ ಕಲೀತಾಳೆ" ಎಂದರು ದೊಡ್ಡ ಮಿಸ್ಸು.

"ಬಸ್ನಾಗೆ ಕೂರಾಕಿಲ್ಲ ಕಣ್ರವ್ವ ಇದು. ಕಿರುಚ್ತದೆ. ಜನ ನೋಡ್ತಾರೆ."

"ನೋಡ್ಲಿ ಬಿಡಿ. ನೋಡೋದಕ್ಕೆ ದುಡ್ಡೇನು ಕೊಡ್ಬೇಕಾಗಿಲ್ಲ."

ಆದರೂ ಅತ್ತೆ ತಾಂಬೂಲಕ್ಕೆ ಕೈ ಚಾಚಲಿಲ್ಲ. ಒಸಿ ಯೋಚ್ನೆ ಮಾಡ್ತೀನಿ ಎಂದಳು ಅಷ್ಟೇ. ದೊಡ್ಡ ಮಿಸ್ಸು ತಪಾಸಣೆಯ ದಿನ ಹೇಳಿ, ತಟ್ಟೆಯನ್ನು ಅಲ್ಲೇ ಜಗುಲಿಯ ಮೇಲೆ ಬಿಟ್ಟು ಎದ್ದರು. ಬಸ್ ಸ್ಟಾಪಿಗೆ ನಡೆಯುತ್ತಾ ನಾನು ಸಿಟ್ಟಿನಲ್ಲಿ ಆ ಹೆಂಗಸನ್ನು ಏನೋ ಅಂದೆ. "ಬೈಬೇಡ ಕಣೆ" ಎಂದರು. "ಆ ಮಗೂನ ಇಟ್ಕೊಂಡು ಹತ್ತು ವರ್ಷದಿಂದ ಒಬ್ಬಳೇ ಸ್ಕೂಲು ನಡೆಸ್ತಿದ್ದಾಳೆ. ನಮ್ಮ ಕಷ್ಟ ಅವಳಿಗೆ ನಾವು ಹೇಳ್ಬೇಕಾ?" ಬಸ್ಸು ಹತ್ತಿದ ಮೇಲೆ, ಕಿಟಕಿಯ ಕಡೆ ಮುಖ ಮಾಡಿ, "ಶಾಲೆ ಮುಚ್ಚಿದ್ರೆ ಇಪ್ಪತ್ತಾರು ಮಕ್ಳೂ ಮತ್ತೆ ಅವರವರ ಮನೆ ಹಿತ್ತಲ ಕೋಣೆಗೇ" ಎಂದರು. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ತಪಾಸಣೆಯ ದಿನ ಬಂತು. ನೇಮಕದ ಆದೇಶ ಟೈಪ್ ಮಾಡಿ, ಸಹಿಯ ಜಾಗ ಖಾಲಿ ಬಿಟ್ಟು ಮೇಜಿನ ಮೇಲೆ ಇಟ್ಟಿದ್ದೆವು. ಮೊದಲ ಬಸ್ಸಿಗೆ ಯಾರೂ ಬರಲಿಲ್ಲ. ಎರಡನೇ ಬಸ್ಸಿಗೂ ಇಲ್ಲ. ಹನ್ನೊಂದಕ್ಕೆ ಅಧಿಕಾರಿಗಳು ಬಂದರು. ಬಿಸಿಲಲ್ಲಿ ಸುತ್ತಿ ಸುಸ್ತಾದ, ಮರ್ಯಾದಸ್ಥ ಮನುಷ್ಯ. ಮಕ್ಕಳನ್ನು ನೋಡಿದರು, ಪುಸ್ತಕ ನೋಡಿದರು.

"ಮೂರನೇ ಟೀಚರ್ ಎಲ್ಲಿ ಮೇಡಂ?"

"ಇಲ್ಲ ಸಾರ್. ಕೇಳಿ ಬಂದಿದ್ದೀನಿ. ಬಂದ್ರೆ ಬರ್ತಾರೆ, ಬರದೇ ಇದ್ರೆ ಇಲ್ಲ."

"ಹಾಗಂದ್ರೆ ನಾನು ಏನಂತ ಬರೀಲಿ?"

"ಮೊದ್ಲು ಊಟ ಮಾಡಿ. ಹಸಿದು ಬರೆದದ್ದು ಚೆನ್ನಾಗಿ ಬರಲ್ಲ."

ಅವರು ಮಕ್ಕಳ ಸಾಲಿನಲ್ಲೇ ಕೂತು ಮುದ್ದೆ ಉಂಡರು. ನಾನು ಬಡಿಸುತ್ತಿದ್ದೆ, ಕಣ್ಣೆಲ್ಲ ಗೇಟಿನ ಕಡೆ. ಅವರು ಮಜ್ಜಿಗೆ ಕುಡಿದು, ಕೈ ತೊಳೆದು, ಪೆನ್ನಿನ ಮುಚ್ಚಳ ತೆಗೆದದ್ದೂ ಆಯಿತು. ಆಗ ಗೇಟು ಕಿರ್ ಎಂದಿತು.

ಮೂವರೂ ಬಂದಿದ್ದರು. ಸೊಸೆ ಬೆವರಿ ನೀರಾಗಿದ್ದಳು, ಕೈಯಲ್ಲಿ ಸರ್ಟಿಫಿಕೇಟಿನ ಪ್ಲಾಸ್ಟಿಕ್ ಕವರು. ಹುಡುಗಿಯ ಎರಡೂ ಜಡೆ ಬಿಗಿಯಾಗಿತ್ತು. ಅತ್ತೆಯ ಸೀರೆಯ ನೆರಿಗೆ ಬಿಚ್ಚಿ, ಕೈಯಲ್ಲಿ ಎರಡು ಬಳೆ ಒಡೆದಿತ್ತು. ಹುಡುಗಿ ಬಸ್ಸಿನಲ್ಲಿ ಕಿರುಚಿಕೊಂಡಿದ್ದಕ್ಕೆ ನಡುದಾರಿಯಲ್ಲಿ ಇಳಿದು, ಬಿಸಿಲಲ್ಲಿ ನಡೆದು, ಮತ್ತೊಂದು ಬಸ್ಸಿಗೆ ಕಾದು, ಅದರಲ್ಲೂ ಕಿರುಚಿಸಿಕೊಂಡೇ ಬಂದಿದ್ದರು. "ಎಲ್ರೂ ನೋಡುದ್ರು ಕಣ್ರವ್ವ" ಎಂದಳು ಅತ್ತೆ. "ನೋಡ್ಲಿ ಅಂತ ಬಂದ್ಬುಟ್ಟೆ."

ಸೊಸೆ ಸಹಿ ಹಾಕಿದಳು. ಅಧಿಕಾರಿಗಳು ಅವಳ ಸರ್ಟಿಫಿಕೇಟು ನೋಡಿ, ಮೂವರು ಇದ್ದಾರೆ ಎಂದು ಬರೆದು, ದೊಡ್ಡ ಮಿಸ್ಸಿಗೆ ಕೈಮುಗಿದು ಹೋದರು. ನಾನು ನೀರಿನ ತೊಟ್ಟಿಯ ಹಿಂದೆ ಹೋಗಿ ಅತ್ತುಬಿಟ್ಟೆ. ಅಷ್ಟು ಹಗುರವಾಗಿ ನಾನು ಮತ್ತೆ ಯಾವತ್ತೂ ಅತ್ತಿಲ್ಲ.

ದೊಡ್ಡ ಮಿಸ್ಸು ಅತ್ತೆಯನ್ನು ಹೊರಗೆ ಕರೆದು ಜಗುಲಿಯ ಬೆಂಚಿನ ಮೇಲೆ ಕೂರಿಸಿದರು. "ಇಲ್ಲೇ ಕೂತಿರಿ. ಬೇಕಾದ್ರೆ ಕರೀತೀನಿ." ಆಕೆ ಕೂತಳು. ಎರಡು ನಿಮಿಷಕ್ಕೊಮ್ಮೆ ಎದ್ದು ಕಿಟಕಿಯಲ್ಲಿ ಇಣುಕಿದಳು. ಹುಡುಗಿ ಅತ್ತಿಗೆಯ ಪಕ್ಕ ಕೂತು ಮರದ ಬಣ್ಣದ ಬಳೆಗಳನ್ನು ಕಡ್ಡಿಗೆ ಪೋಣಿಸುತ್ತಿದ್ದಳು, ಕೆಂಪು ಬಂದಾಗಲೆಲ್ಲ ನಗುತ್ತಿದ್ದಳು. ಅತ್ತೆ ಮತ್ತೆ ಹೋಗಿ ಕೂತಳು. ಯಾರೂ ಕರೆಯಲಿಲ್ಲ. ಸ್ವಲ್ಪ ಹೊತ್ತಿಗೆ ನೋಡಿದರೆ ಕಂಬಕ್ಕೆ ತಲೆ ಆನಿಸಿ, ಬಾಯಿ ತೆರೆದು ನಿದ್ದೆ ಹೋಗಿದ್ದಳು.

ನಾಲ್ಕು ಗಂಟೆ, ಶಾಲೆ ಬಿಡುವ ಹೊತ್ತಾಯಿತು. ಆಯಾ ಗಂಟೆ ಹೊಡೆಯಲು ಕೋಲು ಎತ್ತಿದಳು. ದೊಡ್ಡ ಮಿಸ್ಸು ಓಡಿ ಬಂದು ಅವಳ ಕೈ ಹಿಡಿದರು. "ಹೊಡೀಬೇಡ. ಹತ್ತು ವರ್ಷದ ನಿದ್ದೆ ಅದು."

ಗೇಟಿನ ಹೊರಗೆ ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರು ನಿಂತಿದ್ದರು. ದೊಡ್ಡ ಮಿಸ್ಸು ಹೋಗಿ ತುಟಿಯ ಮೇಲೆ ಬೆರಳಿಟ್ಟು ಬೆಂಚಿನ ಕಡೆ ತೋರಿಸಿದರು. ಅವರು ಗೇಟಿನ ಸಂದಿಯಿಂದ ಒಬ್ಬೊಬ್ಬರಾಗಿ ನೋಡಿದರು. ಹಾಲು ಕರೆಯಬೇಕಾದವರಿದ್ದರು, ಬಸ್ಸು ತಪ್ಪುವವರಿದ್ದರು. ಆದರೂ ಎಲ್ಲರೂ ಚಪ್ಪಲಿ ಬಿಟ್ಟು, ಗೋಡೆಯ ನೆರಳಿನಲ್ಲಿ ಸಾಲಾಗಿ ಕೂತರು. ಆವತ್ತು ನಮ್ಮ ಶಾಲೆ ಬಿಟ್ಟಾಗ ಐದು ಗಂಟೆ ದಾಟಿತ್ತು.